ಬಿದ್ದ ಡಬ್ಬದ ಸಾಕ್ಷ್ಯ

ನಾನು ಹುಡುಗನಾಗಿದ್ದಾಗ ನಮ್ಮ ಪೇಟೆಬೀದಿಯ ದಿನಸಿ ಅಂಗಡಿಯಲ್ಲಿ ಗಿರಾಕಿಗೂ ಸಾಮಾನಿಗೂ ನಡುವೆ ಒಂದು ಗಡಿ ಇತ್ತು. ಆ ಗಡಿ ಶೆಟ್ಟರ ಗಲ್ಲಾಪೆಟ್ಟಿಗೆ. ಅದರ ಈಚೆಗೆ ನಾವು, ಆಚೆಗೆ ಶೆಟ್ಟರು. ಶೆಟ್ಟರ ಬೆನ್ನ ಹಿಂದೆ ಅಕ್ಕಿಬೇಳೆಯ ಮೂಟೆಗಳು, ಬೆಲ್ಲದ ಅಚ್ಚುಗಳು, ಎಣ್ಣೆಯ ಡಬ್ಬಗಳು. ಸಾಮಾನು ಬೇಕಾದವರು ಚೀಟಿ ಕೊಟ್ಟು ಜಗಲಿಯ ಮೇಲೆ ಕೂತಿರಬೇಕು. ತೂಗುವವರು ತೂಗಿ, ಕಟ್ಟುವವರು ಕಟ್ಟಿ, ಪೊಟ್ಟಣಗಳೆಲ್ಲ ಗಲ್ಲಾಪೆಟ್ಟಿಗೆಯ ಮೇಲಿನಿಂದ ನಮ್ಮ ಚೀಲಕ್ಕೆ ಇಳಿಯುತ್ತಿದ್ದುವು. ಅಕಸ್ಮಾತ್ ಮೂಟೆ ಉರುಳಿದರೆ ಅದು ಶೆಟ್ಟರ ಕಾಲಮೇಲೋ ಅವರ ಆಳಿನ ಕಾಲಮೇಲೋ ಉರುಳಬೇಕಾಗಿತ್ತು. ಗಿರಾಕಿಯ ತಲೆಯ ಮೇಲೆ ಉರುಳುವುದಕ್ಕೆ ಅದಕ್ಕೆ ದಾರಿಯೇ ಇರಲಿಲ್ಲ.

ಇಂದು ಆ ಗಡಿ ಅಳಿಸಿಹೋಗಿದೆ. ಈಗಿನ ದೊಡ್ಡ ಅಂಗಡಿಯೊಳಗೆ ಕಾಲಿಟ್ಟರೆ ನಾವು ನಡೆಯುವುದು ಉಗ್ರಾಣದ ಒಳಗೇ. ಎಡಕ್ಕೂ ಬಲಕ್ಕೂ ಆಳೆತ್ತರಕ್ಕಿಂತ ಎತ್ತರವಾದ ಕಬ್ಬಿಣದ ಕಪಾಟುಗಳು. ಅವುಗಳ ನೆತ್ತಿಯ ಮೇಲೆ ಇನ್ನೂ ಒಡೆಯದ ರಟ್ಟಿನ ಪೆಟ್ಟಿಗೆಗಳು. ನಮಗೆ ಬೇಕಾದುದನ್ನು ನಾವೇ ಆರಿಸಿಕೊಳ್ಳಬಹುದು, ಮುಟ್ಟಿ ನೋಡಬಹುದು, ಬೇಡವಾದರೆ ಅಲ್ಲಿಯೇ ಇಟ್ಟು ಮುಂದಕ್ಕೆ ಹೋಗಬಹುದು. ಇದೊಂದು ಸ್ವಾತಂತ್ರ್ಯ, ಅಲ್ಲವೆನ್ನಲಾರೆ. ಆದರೆ ಈ ಸ್ವಾತಂತ್ರ್ಯದ ಬೆನ್ನಿಗೇ ಇನ್ನೊಂದು ಸಂಗತಿಯೂ ಸದ್ದಿಲ್ಲದೆ ನಮ್ಮ ಪಾಲಿಗೆ ಬಂದಿದೆ. ಶೆಟ್ಟರ ಕಾಲಮೇಲೆ ಉರುಳಬೇಕಾಗಿದ್ದ ಮೂಟೆ ಈಗ ನಮ್ಮ ಹೆಗಲಿನ ಮೇಲೆ ಉರುಳಬಲ್ಲುದು. ಹಾಗೆ ಉರುಳಿದರೆ ಏನು ಮಾಡಬೇಕು, ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಮೂವತ್ತೈದು ವರ್ಷ ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲಿ ಮಾಡಿ ಕರಿಯ ಕೋಟನ್ನು ಗೂಟಕ್ಕೆ ತೂಗುಹಾಕಿದವನು ನಾನು. ಆದರೆ ಈ ವಿಷಯವನ್ನು ನಾನು ಕಲಿತದ್ದು ಕೋರ್ಟಿನಲ್ಲಿ ಅಲ್ಲ, ಮನೆಯಲ್ಲಿ. ಕಲಿಸಿದವಳು ನನ್ನ ಅಕ್ಕ. ಅಕ್ಕನಿಗೆ ಅರವತ್ತೆಂಟು ವರ್ಷ. ಭಾವನವರು ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿಯೇ ಇದ್ದಾಳೆ. ಇದ್ದಾಳೆ ಎನ್ನುವುದಕ್ಕಿಂತ ಅವಳಿಂದ ನಮ್ಮ ಮನೆ ನಡೆಯುತ್ತಿದೆ ಎಂದರೆ ಸರಿಯಾದೀತು. ಈಚೆಗೆ ಒಂದು ಗೌರೀಹಬ್ಬಕ್ಕೆ ಎರಡು ದಿನ ಮುಂಚೆ ಹಬ್ಬದ ಸಾಮಾನು ತರಲೆಂದು ಪೇಟೆಯ ದೊಡ್ಡ ಅಂಗಡಿಗೆ ಹೋದಳು. ಅಂಗಡಿ ಕಿಕ್ಕಿರಿದಿತ್ತು. ಕಡಲೆಬೇಳೆಯ ಪೊಟ್ಟಣಕ್ಕಾಗಿ ಅವಳು ಬಗ್ಗಿದ್ದಾಗ, ಕಪಾಟಿನ ಆಚೆಯ ಮಗ್ಗುಲಲ್ಲಿ ಸ್ಟೂಲಿನ ಮೇಲೆ ನಿಂತಿದ್ದ ಹುಡುಗನೊಬ್ಬ ಹೊಸ ಪೆಟ್ಟಿಗೆಯೊಂದನ್ನು ಮೇಲಿನ ಅಂತಸ್ತಿಗೆ ತಳ್ಳಿದ. ಆ ಕಪಾಟಿಗೆ ನಡುವೆ ಬೆನ್ನುಹಲಗೆ ಇರಲಿಲ್ಲ; ಅಂಚಿಗೆ ತಡೆಪಟ್ಟಿಯೂ ಇರಲಿಲ್ಲ. ಅತ್ತಲಿಂದ ತಳ್ಳಿದ್ದು ಇತ್ತಲಿನ ಸಾಲನ್ನು ನೂಕಿತು. ಐದು ಲೀಟರಿನ ಎಣ್ಣೆಯ ಡಬ್ಬವೊಂದು ಅಕ್ಕನ ಹೆಗಲಿಗೆ ಬಡಿಯಿತು. ಆಯ ತಪ್ಪಿ ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು.

ಅಂಗಡಿಯವರು ಕೆಟ್ಟವರಲ್ಲ. ಓಡಿ ಬಂದರು, ಕುರ್ಚಿ ತಂದರು, ನೀರು ಕೊಟ್ಟರು. ಮೇಲ್ವಿಚಾರಕರು ಕೈಜೋಡಿಸಿ, “ಗ್ರಹಚಾರ ಅಮ್ಮಾ, ದೊಡ್ಡದರಲ್ಲಿ ಹೋಗುವುದು ಚಿಕ್ಕದರಲ್ಲಿ ಹೋಯಿತು ಅಂದುಕೊಳ್ಳಿ” ಎಂದರು. ಅಕ್ಕನ ಬುಟ್ಟಿಯಲ್ಲಿದ್ದ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಸಿ, ದುಡ್ಡು ಬೇಡವೇ ಬೇಡವೆಂದು ಹೇಳಿ, ಆಟೋ ಹತ್ತಿಸಿ ಕಳುಹಿಸಿದರು. ಆ ಹುಡುಗನನ್ನು ಎಲ್ಲರ ಎದುರಿಗೇ ಬಾಯಿಗೆ ಬಂದಂತೆ ಬಯ್ದು, ಅಂದಿನ ಸಂಜೆಯೇ ಕೆಲಸದಿಂದ ತೆಗೆದುಹಾಕಿದರೆಂದು ಆಮೇಲೆ ತಿಳಿಯಿತು. ಹಣ ಬೇಡವೆಂದದ್ದು ದಯೆ, ಹುಡುಗನನ್ನು ತೆಗೆದದ್ದು ನ್ಯಾಯ ಎಂದು ಅವರು ನಂಬಿದ್ದಿರಬೇಕು. ಎರಡೂ ಹಾಗಲ್ಲವೆಂದು ತಿಳಿಯುವುದಕ್ಕೆ ನನಗೂ ಕೆಲವು ದಿನ ಬೇಕಾಯಿತು.

ಆ ಸಂಜೆ ಬಂದವರೆಲ್ಲ ಗ್ರಹಚಾರವೆಂದೇ ಹೇಳಿದರು. ಈ ಮಾತಿನಲ್ಲಿ ನಮ್ಮ ಜನ ಕಂಡಿರುವ ಸಮಾಧಾನವನ್ನು ಹಗುರವಾಗಿ ನೋಡುವವನಲ್ಲ ನಾನು. ಸಿಡಿಲು ಬಡಿದಾಗ, ಹೊಳೆ ಉಕ್ಕಿದಾಗ, ಆಡುವ ಕೂಸಿಗೆ ಕಾಯಿಲೆ ಬಂದಾಗ ಆ ಮಾತಲ್ಲದೆ ಬೇರೆ ಯಾವ ಮಾತು ನಮ್ಮ ಕೈ ಹಿಡಿದೀತು? ಆದರೆ ಎಣ್ಣೆಯ ಡಬ್ಬ ಆಕಾಶದಿಂದ ಬಿದ್ದದ್ದಲ್ಲ. ಅದನ್ನು ಯಾರೋ ಅಲ್ಲಿಗೆ ಏರಿಸಿದ್ದರು. ಬೆನ್ನುಹಲಗೆಯಿಲ್ಲದ ಕಪಾಟನ್ನು ಯಾರೋ ಆರಿಸಿ ತಂದಿದ್ದರು. ಹಬ್ಬದ ನೂಕುನುಗ್ಗಲಿನ ಹೊತ್ತಿನಲ್ಲಿಯೇ ಸಾಮಾನು ತುಂಬು ಎಂದು ಯಾರೋ ಹುಡುಗನಿಗೆ ಹೇಳಿದ್ದರು. ಮನುಷ್ಯರು ಇಟ್ಟದ್ದನ್ನು ಗ್ರಹಗಳ ಲೆಕ್ಕಕ್ಕೆ ಬರೆದುಬಿಟ್ಟರೆ ಲೆಕ್ಕ ಕೊಡಬೇಕಾದವರು ಯಾರೂ ಉಳಿಯುವುದಿಲ್ಲ.

ನನಗೆ ಬಂದದ್ದು ಸಮಾಧಾನವಲ್ಲ, ಸಿಟ್ಟು. ಅಕ್ಕನ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದವನೇ ಪೊಲೀಸ್ ಠಾಣೆಗೆ ದೂರು ಬರೆಯತೊಡಗಿದೆ. ಅದಕ್ಕೆ ಕಾನೂನಿನಲ್ಲಿ ಆಧಾರವಿಲ್ಲದೆ ಇಲ್ಲ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 125ನೆಯ ಪ್ರಕರಣದ ಪ್ರಕಾರ, ದುಡುಕಿನಿಂದಲೋ ಅಲಕ್ಷ್ಯದಿಂದಲೋ ಮತ್ತೊಬ್ಬರ ಮೈಗೆ ಅಪಾಯ ತರುವುದು ಅಪರಾಧ. ಮೂಳೆ ಮುರಿದರೆ ಅದು ಕಾನೂನಿನ ಕಣ್ಣಿನಲ್ಲಿ ತೀವ್ರ ಗಾಯ. ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಪ್ರಾಣವೇ ಹೋದರೆ 106ನೆಯ ಪ್ರಕರಣ. ಇದನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಯಾರ ಮೇಲೆ ಕಣೋ, ದೂರು?”

ನಾನು ತಡವರಿಸಿದೆ. ಫೌಜುದಾರಿ ಕಾನೂನು ಕೈಯನ್ನು ಹುಡುಕುತ್ತದೆ. ತಳ್ಳಿದ ಕೈ ಯಾವುದು ಎಂದು ಕೇಳುತ್ತದೆ. ಮಾಲೀಕನ ಸ್ವಂತ ಅಲಕ್ಷ್ಯವನ್ನು ಬೇರೆಯಾಗಿ ತೋರಿಸಿಕೊಡದ ಹೊರತು, ಆಳಿನ ಅಪರಾಧಕ್ಕೆ ಧಣಿಯನ್ನು ಅದು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ಎಂದರೆ ನನ್ನ ದೂರು ಊರಿನ ಎಲ್ಲ ಬೀದಿಗಳನ್ನೂ ಸುತ್ತಿ ಕೊನೆಗೆ ಹೋಗಿ ನಿಲ್ಲುವುದು ಸ್ಟೂಲಿನ ಮೇಲೆ ನಿಂತಿದ್ದ ಆ ಹುಡುಗನ ಬಾಗಿಲಲ್ಲಿ. ಜುಲ್ಮಾನೆಯಾದರೆ ಆ ಹಣ ಸೇರುವುದು ಸರ್ಕಾರಕ್ಕೆ. ಗಾಯವಾದವರಿಗೆ ಪರಿಹಾರ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆಯಾದರೂ ತಿಂಗಳ ಸಂಬಳದ ಹುಡುಗನಿಂದ ಏನನ್ನು ಕೊಡಿಸಿಯಾರು? “ಆ ಮಗು ನನ್ನನ್ನು ನೋಡಿಯೇ ಇರಲಿಲ್ಲ. ಅವನ ಕಣ್ಣಿಗೆ ಕಂಡದ್ದು ಪೆಟ್ಟಿಗೆ ಮಾತ್ರ” ಎಂದಳು ಅಕ್ಕ. ನಾನು ಕಾಗದವನ್ನು ಮಡಿಸಿಟ್ಟೆ.

ಪೊಲೀಸರಿಗೆ ತಿಳಿಸಲೇಬಾರದು ಎಂದು ಇದರ ಅರ್ಥವಲ್ಲ. ಸಾವು ಸಂಭವಿಸಿದಾಗ, ಅಂಗ ಊನವಾದಾಗ, ಇಲ್ಲವೆ ತಿಳಿದೂ ತಿಳಿದೂ ಮಾಲೀಕ ಅಪಾಯವನ್ನು ಉಳಿಸಿಕೊಂಡಿದ್ದಾನೆ ಎಂದು ಕಂಡಾಗ ಠಾಣೆಯ ದಾರಿ ಬೇಕೇ ಬೇಕು. ನನ್ನ ಮಾತು ಇಷ್ಟೆ: ಕಾನೂನಿನಲ್ಲಿ ದಾರಿಗಳು ಹಲವು. ಒಂದೊಂದು ದಾರಿಯೂ ಒಬ್ಬೊಬ್ಬರ ಬಾಗಿಲಿಗೆ ಹೋಗಿ ಮುಟ್ಟುತ್ತದೆ. ಹೊರಡುವ ಮೊದಲು ಯಾರ ಬಾಗಿಲು ತಟ್ಟಬೇಕೆಂದು ತಿಳಿದಿರಬೇಕು.

ನಾವು ತಟ್ಟಬೇಕಾಗಿದ್ದ ಬಾಗಿಲು ಅಂಗಡಿಯದು. ಆದರೆ ಅಲ್ಲಿ ಒಂದು ತೊಡಕು. ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳುವವರು ಎದುರಾಳಿಯ ಅಲಕ್ಷ್ಯವನ್ನು ರುಜುವಾತುಪಡಿಸಬೇಕು. ಬಗ್ಗಿ ಬೇಳೆ ಎತ್ತಿಕೊಳ್ಳುತ್ತಿದ್ದವಳಿಗೆ ತನ್ನ ನೆತ್ತಿಯ ಮೇಲೆ ನಡೆದದ್ದು ಏನು ಗೊತ್ತು? ಡಬ್ಬ ಬಿದ್ದದ್ದನ್ನು ಹತ್ತು ಮಂದಿ ನೋಡಿರಬಹುದು. ಏಕೆ ಬಿತ್ತು ಎಂಬುದನ್ನು ನೋಡಿದವರು ಒಬ್ಬರೂ ಇರಲಾರರು. ಈ ತೊಡಕನ್ನು ಬಿಡಿಸುವ ಕೀಲಿ ನೂರಾ ಅರವತ್ತು ವರ್ಷಗಳ ಹಿಂದಿನ ಒಂದು ಹಿಟ್ಟಿನ ಪೀಪಾಯಿಯಲ್ಲಿದೆ. ಕಾನೂನಿನ ವಿದ್ಯಾರ್ಥಿಗಳೆಲ್ಲರೂ ಓದುವ ಕಥೆ ಅದು.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಬೋಡಲ್ ಎಂಬ ಹಿಟ್ಟಿನ ವ್ಯಾಪಾರಿ ಇದ್ದ. ಅವನ ಮಳಿಗೆಯ ಮುಂದೆ ಬರ್ನ್ ಎಂಬಾತ ಬೀದಿಯಲ್ಲಿ ನಡೆದುಹೋಗುತ್ತಿದ್ದಾಗ ಮೇಲಿನ ಕಿಟಕಿಯಿಂದ ಹಿಟ್ಟಿನ ಪೀಪಾಯಿಯೊಂದು ಅವನ ಮೇಲೆ ಬಿತ್ತು. ಬರ್ನನಿಗೆ ಎಚ್ಚರ ತಪ್ಪಿತು. ಬಿದ್ದದ್ದು ಹೇಗೆಂದು ಅವನಿಗೆ ತಿಳಿಯದು. ಸಾಕ್ಷಿಗಳು ಪೀಪಾಯಿ ಬಿದ್ದುದನ್ನು ಕಂಡಿದ್ದರು, ಅಷ್ಟೆ. ಅಲಕ್ಷ್ಯಕ್ಕೆ ಸಾಕ್ಷ್ಯವೆಲ್ಲಿ ಎಂದು ವ್ಯಾಪಾರಿಯ ಕಡೆಯವರು ಕೇಳಿದರು. ವಿಚಾರಣೆ ನಡೆದ ಕಡೆ ಬರ್ನನ ದಾವೆ ಬಿದ್ದುಹೋಯಿತು. ಆದರೆ 1863ರಲ್ಲಿ ಅದು ಎಕ್ಸ್‌ಚೆಕರ್ ನ್ಯಾಯಾಲಯದ ಮುಂದೆ ಬಂದಾಗ ಮುಖ್ಯ ನ್ಯಾಯಾಧೀಶ ಪೊಲಾಕ್ ಬೇರೆಯ ರೀತಿ ನೋಡಿದ. ಯಾರ ಅಲಕ್ಷ್ಯವೂ ಇಲ್ಲದೆ ಉಗ್ರಾಣದೊಳಗಿನ ಪೀಪಾಯಿ ತಾನಾಗಿ ಉರುಳಿ ಬೀದಿಗೆ ಬರಲಾರದು. ಕೆಳಗೆ ನಡೆಯುತ್ತಿದ್ದವನನ್ನು ಕರೆತಂದು ಮೇಲೆ ಏನಾಯಿತು ಹೇಳು ಎನ್ನುವುದು ಹುಚ್ಚುತನ. ಪೀಪಾಯಿ ಯಾರ ವಶದಲ್ಲಿತ್ತೋ ಅವರು ಹೇಳಲಿ ಎಂಬುದು ಅವನ ನಿಲುವಿನ ತಿರುಳು. ಲ್ಯಾಟಿನ್ನಿನಲ್ಲಿ ಈ ತತ್ತ್ವಕ್ಕೆ ‘ರೆಸ್ ಇಪ್ಸಾ ಲೋಕ್ವಿಟರ್’ ಎಂದು ಹೆಸರು. ಸಂಗತಿಯೇ ತನ್ನ ಬಾಯಿಂದ ಮಾತನಾಡುತ್ತದೆ ಎಂದು ಅರ್ಥ.

ಎರಡೇ ವರ್ಷಗಳಲ್ಲಿ, 1865ರಲ್ಲಿ, ಲಂಡನ್ನಿನ ಹಡಗುಕಟ್ಟೆಯ ಉಗ್ರಾಣದಿಂದ ಆರು ಸಕ್ಕರೆಯ ಮೂಟೆಗಳು ಸುಂಕದ ಅಧಿಕಾರಿಯೊಬ್ಬನ ಮೇಲೆ ಬಿದ್ದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅರ್ಲ್ ಈ ತತ್ತ್ವಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟ. ಬಿದ್ದ ವಸ್ತು ಎದುರಾಳಿಯ ಆಡಳಿತದಲ್ಲಿರಬೇಕು. ಎಚ್ಚರದಿಂದ ನಡೆದುಕೊಂಡಿದ್ದರೆ ಸಾಧಾರಣವಾಗಿ ಅಂಥ ಅಪಘಾತ ಆಗುವಂತಿರಬಾರದು. ಎದುರಾಳಿ ಒಪ್ಪುವಂಥ ವಿವರಣೆ ಕೊಡದೆ ಇರಬೇಕು. ಈ ಮೂರು ಕೂಡಿದರೆ ಅಲಕ್ಷ್ಯವಿತ್ತೆಂದು ಊಹಿಸಬಹುದು. ನಮ್ಮ ದೇಶದಲ್ಲಿಯೂ ಈ ತತ್ತ್ವ ಊರಿಕೊಂಡಿದೆ. ದಿಲ್ಲಿಯ ಚಾಂದನಿ ಚೌಕದಲ್ಲಿ ಪುರಸಭೆಯ ಹಳೆಯ ಗಡಿಯಾರದ ಗೋಪುರ ಕುಸಿದು ಕೆಳಗಿದ್ದವರು ಸತ್ತ ಮೊಕದ್ದಮೆಯಲ್ಲಿ 1966ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಅನ್ವಯಿಸಿತು. ಗೋಪುರಕ್ಕೆ ಎಂಬತ್ತು ವರ್ಷವಾಗಿತ್ತು. ಅದಕ್ಕೆ ಬಳಸಿದ್ದ ಗಾರೆಯ ಆಯುಸ್ಸು ನಲವತ್ತು-ನಲವತ್ತೈದು ವರ್ಷ. ಗೋಪುರವನ್ನು ಹೊತ್ತು ಹೊತ್ತಿಗೆ ಪರೀಕ್ಷೆ ಮಾಡಿಸಿದ್ದೆವೆಂದು ತೋರಿಸುವುದು ಒಡೆಯರಿಗೆ ಆಗಲಿಲ್ಲ. ಬಿದ್ದ ಗೋಪುರವೇ ಅವರ ವಿರುದ್ಧ ಸಾಕ್ಷಿ ನುಡಿಯಿತು.

ಹೀಗೆ ಹಿಟ್ಟಿನ ಪೀಪಾಯಿ, ಸಕ್ಕರೆಯ ಮೂಟೆ, ಗಡಿಯಾರದ ಗೋಪುರ ಇವೆಲ್ಲ ನನ್ನ ಅಕ್ಕನ ಕಡೆಯ ಸಾಕ್ಷಿಗಳಾಗಿ ಸಾಲಾಗಿ ಬಂದು ನಿಂತವು. ಆದರೂ ಒಂದು ಎಚ್ಚರ ಬೇಕು. ಇದು ಊಹೆಯೇ ಹೊರತು ತೀರ್ಪಲ್ಲ. ಬೇರೊಬ್ಬ ಗಿರಾಕಿ ಎಳೆದು ಬೀಳಿಸಿದ್ದನೆಂದೋ, ಗಾಯವಾದವರೇ ಅಡ್ಡಿಯ ಹಗ್ಗ ದಾಟಿ ಒಳಗೆ ಹೋಗಿದ್ದರೆಂದೋ, ಅಡಿಯ ಪೆಟ್ಟಿಗೆಯನ್ನು ಅವರೇ ಜಗ್ಗಿದ್ದರೆಂದೋ ಅಂಗಡಿಯವರು ತೋರಿಸಿಕೊಟ್ಟರೆ ಊಹೆ ಕಳಚಿಬೀಳಬಹುದು. ಇಲ್ಲವೆ ಪರಿಹಾರ ಅವರ ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ತಗ್ಗಬಹುದು. ‘ಅಪಘಾತಗಳಿಗೆ ನಾವು ಹೊಣೆಯಲ್ಲ’ ಎಂಬ ಫಲಕವನ್ನು ಕೆಲವರು ತೂಗುಹಾಕುತ್ತಾರೆ. ವ್ಯಾಪಾರಕ್ಕೆಂದು ಒಳಗೆ ಕರೆದವರನ್ನು ಕಾಪಾಡುವ ಕರ್ತವ್ಯ ಒಂದು ಫಲಕ ಬರೆಸಿದ ಮಾತ್ರಕ್ಕೆ ಕಳಚಿಹೋಗುವುದಿಲ್ಲ.

ಹುಡುಗನ ಪ್ರಶ್ನೆ ಇಲ್ಲಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಸಿವಿಲ್ ಕಾನೂನಿನಲ್ಲಿ, ಧಣಿಯ ಕೆಲಸ ಮಾಡುತ್ತಿರುವಾಗ ಆಳು ಎಸಗಿದ ತಪ್ಪಿಗೆ ಧಣಿಯೇ ಹೊಣೆ. ‘ನಾನಲ್ಲ, ನನ್ನ ಆಳು, ಅವನನ್ನು ತೆಗೆದುಹಾಕಿದ್ದೇನೆ’ ಎಂಬ ಉತ್ತರ ಅಲ್ಲಿ ಉತ್ತರವೇ ಅಲ್ಲ. ಅದಕ್ಕಿಂತಲೂ ಹೆಚ್ಚಾಗಿ, ತಡೆಪಟ್ಟಿಯಿಲ್ಲದ ಕಪಾಟು ಹುಡುಗನ ತಪ್ಪೇ ಅಲ್ಲ. ಲಾಭ ಯಾರ ಪೆಟ್ಟಿಗೆ ಸೇರುತ್ತದೆಯೋ ಅಪಾಯದ ಹೊರೆಯೂ ಅವರ ಹೆಗಲಿಗೇ ಎಂಬ ಈ ನಿಯಮ ನನಗೆ ವಕೀಲಿಯ ದಿನಗಳಲ್ಲಿ ಬರಿಯ ಪಾಠವಾಗಿತ್ತು. ಅಕ್ಕನ ಪ್ರಶ್ನೆಯ ಬಳಿಕ ಅದರೊಳಗಿನ ಮನುಷ್ಯತ್ವ ಕಂಡಿತು.

ಇನ್ನು ಪರಿಹಾರ ಎಷ್ಟು? ಆಸ್ಪತ್ರೆಯ ಖರ್ಚು, ಔಷಧ, ಓಡಾಟ, ನೋಡಿಕೊಳ್ಳುವವರ ಕೂಲಿ, ತಪ್ಪಿಹೋದ ಸಂಪಾದನೆ, ಇವುಗಳಿಗೆ ಲೆಕ್ಕವಿದೆ. ನೋವು, ಕುಂದಿದ ಶಕ್ತಿ, ಕಳೆದ ನೆಮ್ಮದಿ, ಇವುಗಳಿಗೆ ಲೆಕ್ಕವಿಲ್ಲದಿದ್ದರೂ ನ್ಯಾಯಾಲಯ ಒಂದು ಅಂದಾಜು ಕಟ್ಟುತ್ತದೆ. ಅಕ್ಕನ ವಿಷಯದಲ್ಲಿ ನನಗೆ ಕಷ್ಟವಾದದ್ದು ಸಂಪಾದನೆಯ ಕಾಲಮಿನಲ್ಲಿ. ಅವಳಿಗೆ ಸಂಬಳವಿಲ್ಲ. ಆದರೆ ಆ ಕೈ ಮೂರು ತಿಂಗಳು ಕೊರಳಜೋಳಿಗೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಏನೇನು ನಿಂತಿತು ಎಂಬುದು ನಮಗೆ ಗೊತ್ತು. ಕಾನೂನಿಗೂ ಇದು ತಡವಾಗಿಯಾದರೂ ತಿಳಿದಿದೆ. 1989ರಲ್ಲಿ ಜಮಷೇದ್‌ಪುರದಲ್ಲಿ ನಡೆದ ಬೆಂಕಿಯ ದುರಂತದ ಮೊಕದ್ದಮೆಯಲ್ಲಿ, ಮಡಿದ ಗೃಹಿಣಿಯರ ದುಡಿಮೆಗೆ ವರ್ಷಕ್ಕೆ ಹನ್ನೆರಡು ಸಾವಿರ ರೂಪಾಯಿಯೆಂದು ಕಟ್ಟಿದ್ದ ಬೆಲೆ ತೀರ ಕಡಿಮೆಯೆಂದು 2001ರಲ್ಲಿ ಸುಪ್ರೀಂ ಕೋರ್ಟು ಹೇಳಿ, ಮಧ್ಯವಯಸ್ಸಿನವರಿಗೆ ತಿಂಗಳಿಗೆ ಮೂರು ಸಾವಿರವೆಂದು ಅದನ್ನು ಏರಿಸಿತು. 2021ರಲ್ಲಿ ಮತ್ತೊಮ್ಮೆ, ವಾಹನ ಅಪಘಾತವೊಂದರ ಸಂದರ್ಭದಲ್ಲಿ, ಮನೆಯೊಳಗಿನ ದುಡಿಮೆಗೆ ಆದಾಯವೆಂದು ಬೆಲೆ ಕಟ್ಟುವುದು ಆ ದುಡಿಮೆಗೆ ಸಲ್ಲಬೇಕಾದ ಮನ್ನಣೆ ಎಂಬ ಅರ್ಥದಲ್ಲಿ ಮಾತನಾಡಿತು. ಈ ಎರಡನ್ನೂ ಅಕ್ಕನಿಗೆ ಹೇಳಿದಾಗ ಅವಳು ನಕ್ಕು, “ಕೋರ್ಟಿಗೆ ಗೊತ್ತಾಯಿತಲ್ಲ, ನಿನಗೆ ಗೊತ್ತಿತ್ತೇನೋ?” ಎಂದಳು.

ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಾವಧಿ ಇದೆ. ಸಾವು ಸಂಭವಿಸಿ ಮನೆಯವರು 1855ರ ಮಾರಕ ಅಪಘಾತಗಳ ಕಾನೂನಿನಂತೆ ಕೇಳುವುದಾದರೆ ಎರಡೇ ವರ್ಷ. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀಸು ಕಟ್ಟಬೇಕು. ಬಡವರು ಇದರಿಂದ ಅಂಜಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಕೋರ್ಟ್ ಫೀಸಿನ ಹೊರೆಯೂ ಅವರ ಮೇಲೆ ಬೀಳುವುದಿಲ್ಲ. ಹೆಂಗಸರಿಗೆ ಆದಾಯದ ಮಿತಿಯ ಪ್ರಶ್ನೆಯೂ ಇಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಈ ಪ್ರಾಧಿಕಾರದ ಕಚೇರಿ ಇರುತ್ತದೆ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗದ್ದು. 1986ರ ಗ್ರಾಹಕ ಸಂರಕ್ಷಣಾ ಕಾನೂನಿನ ಜಾಗಕ್ಕೆ 2019ರಲ್ಲಿ ಹೊಸ ಅಧಿನಿಯಮ ಬಂದು 2020ರ ಜುಲೈನಿಂದ ಜಾರಿಯಲ್ಲಿದೆ. ಎದುರಾಳಿಯ ಅಲಕ್ಷ್ಯದಿಂದ ಗ್ರಾಹಕನಿಗೆ ಆದ ಗಾಯಕ್ಕೋ ನಷ್ಟಕ್ಕೋ ಪರಿಹಾರ ಕೊಡಿಸುವ ಅಧಿಕಾರ ಆಯೋಗಕ್ಕೆ ಇದೆ. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ತಾನು ವಾಸವಾಗಿರುವ ಊರಿನ ಆಯೋಗದಲ್ಲಿಯೇ ಕೊಡಬಹುದು. ಕೊಂಡ ಸಾಮಾನಿನ ಬೆಲೆ ಐದು ಲಕ್ಷದೊಳಗಿದ್ದರೆ ಫೀಸಿಲ್ಲ. ವಕೀಲರಿಲ್ಲದೆ ತಾನೇ ನಿಂತು ಮಾತನಾಡಬಹುದು. ಸಾಕ್ಷ್ಯ ತೀರ ಗೋಜಲಾಗಿದ್ದರೆ ಸಿವಿಲ್ ಕೋರ್ಟಿಗೆ ಹೋಗಿ ಎನ್ನುವುದೂ ಉಂಟು. ಆದರೆ ಈ ಬಾಗಿಲಿಗೆ ಒಂದು ಹೊಸ್ತಿಲಿದೆ. ಒಳಗೆ ಹೋಗುವವನು ‘ಗ್ರಾಹಕ’ನಾಗಿರಬೇಕು; ಬೆಲೆ ಕೊಟ್ಟು, ಇಲ್ಲವೆ ಕೊಡುವುದಾಗಿ ಒಪ್ಪಿ, ಕೊಂಡವನಾಗಿರಬೇಕು. ಪುಕ್ಕಟೆಯಾಗಿ ಪಡೆದ ಸೇವೆ ಇದರ ಲೆಕ್ಕಕ್ಕೆ ಬಾರದು.

ಅಂಗಡಿಯ ಮೇಲ್ವಿಚಾರಕರ ದಯೆ ನನಗೆ ಅರ್ಥವಾದದ್ದು ಆಗ. ಅವರು ದುಡ್ಡು ಬೇಡವೆಂದರು. ದುಡ್ಡಿಲ್ಲದ ಮೇಲೆ ಬಿಲ್ಲಿಲ್ಲ. ಬಿಲ್ಲಿಲ್ಲದ ಮೇಲೆ ಅಕ್ಕ ಆ ದಿನ ಆ ಅಂಗಡಿಗೆ ಹೋಗಿದ್ದಳೆಂಬುದಕ್ಕೇ ಕಾಗದದ ಸಾಕ್ಷಿಯಿಲ್ಲ. ಬೇಕೆಂದೇ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ನಾನೂರು-ಐನೂರು ರೂಪಾಯಿಯ ಸಾಮಾನಿನ ಔದಾರ್ಯಕ್ಕೆ ಮುರಿದ ಕೈಯ ಹಕ್ಕನ್ನೇ ಮಸಕುಮಾಡುವ ಶಕ್ತಿ ಉಂಟು. ಸಿವಿಲ್ ದಾವೆಗೆ ಇದು ಅಡ್ಡಿಯಲ್ಲ. ಕೊಳ್ಳಲೆಂದು ಒಳಗೆ ಬಂದವರು ಇನ್ನೂ ಏನನ್ನೂ ಕೊಳ್ಳದಿದ್ದರೂ ಅಂಗಡಿಯ ಎಚ್ಚರಿಕೆಗೆ ಅರ್ಹರು. ಅದೃಷ್ಟಕ್ಕೆ ಅಕ್ಕ ಬಾಗಿಲ ಬಳಿಯ ಕಟ್ಟೆಯಲ್ಲಿ ಮೊದಲೇ ಊದುಬತ್ತಿ, ಕರ್ಪೂರ ಕೊಂಡಿದ್ದಳು. ಆ ಬಿಲ್ಲು ಅವಳ ಎಲೆಯಡಿಕೆಯ ಸಂಚಿಯಲ್ಲಿ ಸುಣ್ಣ ಮೆತ್ತಿಕೊಂಡು ಮಡಿಸಿ ಕೂತಿತ್ತು. ನಲವತ್ತೆರಡು ರೂಪಾಯಿ, ತಾರೀಖು, ಗಂಟೆ, ನಿಮಿಷ ಎಲ್ಲ ಅದರಲ್ಲಿದ್ದವು. ಗೌರಿಗೆ ಕೊಂಡ ಕರ್ಪೂರ ಅವಳನ್ನು ಗ್ರಾಹಕಳನ್ನಾಗಿ ಮಾಡಿತು.

ಕೇಳುತ್ತಿರುವ ನಿಮಗೆ ಕಲಮುಗಳ ಸಂಖ್ಯೆ ನೆನಪಿರಬೇಕಾಗಿಲ್ಲ. ಬಿದ್ದ ವಸ್ತು ಮಾತನಾಡುತ್ತದೆ ಎಂದೆನಲ್ಲ, ಅದು ಮಾತನಾಡುವುದು ಬಹಳ ಸ್ವಲ್ಪ ಹೊತ್ತು ಎಂಬುದನ್ನು ಮಾತ್ರ ನೆನಪಿಡಿ. ಸಂಜೆಯೊಳಗೆ ಡಬ್ಬ ಮತ್ತೆ ಕಪಾಟು ಸೇರುತ್ತದೆ, ನೆಲ ಒರೆಸಿರುತ್ತಾರೆ, ನೋಡಿದವರು ಮನೆ ಸೇರಿರುತ್ತಾರೆ. ಆದ್ದರಿಂದ ಮೊದಲು ವೈದ್ಯರ ಬಳಿಗೆ ಹೋಗಿ. ಗಾಯ ಹೇಗಾಯಿತೆಂದು ಕೇಳಿದಾಗ ‘ಬಿದ್ದೆ’ ಎಂದಷ್ಟೇ ಹೇಳಬೇಡಿ; ಇಂಥ ಅಂಗಡಿಯಲ್ಲಿ ಇಂಥ ಸಾಮಾನು ಮೇಲಿನಿಂದ ಬಿದ್ದು ಎಂದು ಬರೆಯಿಸಿ. ಜೊತೆಯಲ್ಲಿದ್ದವರು ಕಪಾಟಿನ, ಬಿದ್ದ ವಸ್ತುವಿನ ಫೋಟೋ ತೆಗೆಯಲಿ. ಹತ್ತಿರವಿದ್ದ ಒಬ್ಬಿಬ್ಬರ ಹೆಸರು, ಫೋನ್ ನಂಬರು ಬರೆದುಕೊಳ್ಳಲಿ. ಅಂಗಡಿಯ ಕ್ಯಾಮೆರಾ ಎಲ್ಲವನ್ನೂ ನೋಡಿರುತ್ತದೆ, ಆದರೆ ಅದರ ನೆನಪೂ ಕೆಲವೇ ದಿನಗಳದು. ಹಳೆಯದರ ಮೇಲೆ ಹೊಸದು ಕೂಡುತ್ತ ಹೋಗುತ್ತದೆ. ಆ ಚಿತ್ರವನ್ನು ಅಳಿಸದೆ ಕಾಪಾಡಿಡಿ ಎಂದು ತಡಮಾಡದೆ ಕಾಗದ ಬರೆದು, ತಲುಪಿದ್ದಕ್ಕೆ ರಸೀತಿ ಇಟ್ಟುಕೊಳ್ಳಿ. ಆಸ್ಪತ್ರೆಯ, ಔಷಧದಂಗಡಿಯ ಒಂದು ಚೀಟಿಯನ್ನೂ ಕಳೆಯಬೇಡಿ. ಪುಸಲಾಯಿಸಿದರೆಂದು ‘ಎಲ್ಲ ಚುಕ್ತಾ ಆಯಿತು’ ಎಂಬ ಕಾಗದಕ್ಕೆ, ಗಾಯದ ಆಳ ತಿಳಿಯುವ ಮೊದಲೇ, ರುಜು ಹಾಕಬೇಡಿ.

ನಾವು ಅಂಗಡಿಯ ಮಾಲೀಕರಿಗೆ ಒಂದು ನೋಟೀಸು ಕೊಟ್ಟೆವು. ಬಯ್ಗುಳವಿಲ್ಲದ ನೋಟೀಸು. ಏನಾಯಿತು, ಎಷ್ಟು ಖರ್ಚಾಯಿತು, ಏನು ಕೇಳುತ್ತೇವೆ ಎಂಬ ಮೂರೇ ಸಂಗತಿ. ಎಂಟು ದಿನದ ಬಳಿಕ ಅವರೇ ಮನೆಗೆ ಬಂದರು. “ವಕೀಲರೇ, ನೀವು ಊರಿನವರು, ಇದನ್ನು ಇಷ್ಟು ದೂರ ತರಬೇಕಾಗಿತ್ತೇ? ಆ ಹುಡುಗನನ್ನು ಅವತ್ತೇ ಓಡಿಸಿದ್ದೇನೆ” ಎಂದರು. ಒಳಗಿನಿಂದ ಕಾಫಿಯ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಬಂದ ಅಕ್ಕ, “ಹುಡುಗನನ್ನು ಓಡಿಸಿದಿರಿ ಸರಿ, ಕಪಾಟನ್ನು ಏನು ಮಾಡಿದಿರಿ?” ಎಂದು ಕೇಳಿದಳು. ಮೂವತ್ತೈದು ವರ್ಷದ ನನ್ನ ವಕೀಲಿಯಲ್ಲಿ ಇಷ್ಟು ಚಿಕ್ಕದಾದ, ಇಷ್ಟು ನೇರವಾದ ಪಾಟೀಸವಾಲನ್ನು ನಾನು ಹಾಕಿದ್ದು ನೆನಪಿಲ್ಲ. ಮಾಲೀಕರು ಕಾಫಿ ಕುಡಿದು ಮುಗಿಸುವವರೆಗೆ ಮಾತನಾಡಲಿಲ್ಲ.

ಮೊಕದ್ದಮೆ ಹೂಡುವ ಮುಂಚೆಯೇ ಇಬ್ಬರೂ ಒಪ್ಪಿ ಲೋಕ ಅದಾಲತ್ತಿಗೆ ಹೋಗಬಹುದು, ಅದಕ್ಕೆ ಫೀಸಿಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ; ಅದರ ಮೇಲೆ ಅಪೀಲಿಲ್ಲ. ನಾವು ಹಾಗೆಯೇ ಮಾಡಿದೆವು. ಆಸ್ಪತ್ರೆಯ ಖರ್ಚು, ಮೂರು ತಿಂಗಳು ಅಡಿಗೆಗೆ ಇಟ್ಟುಕೊಂಡಿದ್ದ ಹೆಂಗಸಿನ ಸಂಬಳ, ನೋವಿಗೆಂದು ಒಂದಿಷ್ಟು, ಹೀಗೆ ತೀರ್ಮಾನವಾಯಿತು. ಮೊತ್ತವನ್ನು ಹೇಳುವುದು ಅಕ್ಕನಿಗೆ ಇಷ್ಟವಿಲ್ಲ. ಅವಳು ಬೇರೆ ಎರಡು ಮಾತನ್ನು ರಾಜಿಪತ್ರದಲ್ಲಿ ಸೇರಿಸಬೇಕೆಂದಳು. ಎಲ್ಲ ಕಪಾಟುಗಳ ಅಂಚಿಗೂ ತಡೆಪಟ್ಟಿ, ನಡುವೆ ಬೆನ್ನುಹಲಗೆ ಹಾಕಿಸಬೇಕು. ಆ ಹುಡುಗನನ್ನು ಕರೆದು ಮತ್ತೆ ಕೆಲಸ ಕೊಡಬೇಕು. ಮಾಲೀಕರು ಎರಡಕ್ಕೂ ಒಪ್ಪಿ ರುಜು ಮಾಡಿದರು.

ತಡೆಪಟ್ಟಿ ಬಂತು. ಮುಂದಿನ ಹಬ್ಬಕ್ಕೆ ನಾನೇ ಹೋಗಿ ಬೆರಳಿಟ್ಟು ನೋಡಿ ಬಂದೆ. ಹುಡುಗ ಬರಲಿಲ್ಲ. ಅವನಿದ್ದ ಬಾಡಿಗೆಯ ಕೋಣೆ ಖಾಲಿಯಾಗಿತ್ತು. ಉತ್ತರದ ಕಡೆಯ ಯಾವುದೋ ಹಳ್ಳಿಯವನಂತೆ. ಅಂಗಡಿಯ ಪುಸ್ತಕದಲ್ಲಿ ಅವನ ಪೂರ್ತಿ ವಿಳಾಸವೇ ಇರಲಿಲ್ಲ. ಡಿಕ್ರಿಯಷ್ಟು ಬಲವುಳ್ಳ ರಾಜಿಪತ್ರವೂ ವಿಳಾಸವಿಲ್ಲದವನನ್ನು ಹುಡುಕಿ ತರಲಾರದು. ಅಕ್ಕನ ಕೈ ಕೂಡಿಕೊಂಡಿದೆ. ಮಳೆಗಾಲದಲ್ಲಿ ಸ್ವಲ್ಪ ನೋಯುತ್ತದೆ. ಪೇಟೆಗೆ ಹೋದಾಗಲೆಲ್ಲ ಸಾಮಾನು ಜೋಡಿಸುತ್ತಿರುವ ಹುಡುಗರ ಮುಖವನ್ನು ಅವಳು ಒಂದು ಗಳಿಗೆ ನಿಂತು ನೋಡುತ್ತಾಳೆ.

ಗಾಯಗೊಂಡವರಿಗೆ ಕಾನೂನು ಏನು ಕೊಡಬಲ್ಲುದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದು: ಖರ್ಚಾದ ಹಣವನ್ನು ಕೊಡಬಲ್ಲುದು, ನೋವಿಗೆ ಒಂದು ಮನ್ನಣೆಯನ್ನು ಕೊಡಬಲ್ಲುದು, ಮುಂದೆ ಬರುವವರ ತಲೆಗೆ ಒಂದು ತಡೆಪಟ್ಟಿಯನ್ನು ಕೊಡಬಲ್ಲುದು. ಇಷ್ಟು ದೊರೆಯಬೇಕಾದರೂ ‘ಗ್ರಹಚಾರ’ ಎಂಬ ಮಾತನ್ನು ಕೇಳಿ ಸುಮ್ಮನೆ ಆಟೋ ಹತ್ತಿಬಿಡಬಾರದು. ಸಿಟ್ಟಿನ ಭರದಲ್ಲಿ ಹತ್ತಿರ ಸಿಕ್ಕಿದ ಬಡವನ ಕುತ್ತಿಗೆಯನ್ನೂ ಹಿಡಿಯಬಾರದು. ಈ ಎರಡರ ನಡುವಿನ ದಾರಿ ಕಿರಿದು. ಆದರೆ ಬಲಗೈ ಮುರಿದುಕೊಂಡು, ಎಡಗೈಯಲ್ಲಿ ಕಾಫಿಯ ತಟ್ಟೆ ಹಿಡಿದು, ನನ್ನ ಅಕ್ಕ ಅದರಲ್ಲಿ ನಡೆದದ್ದನ್ನು ನಾನು ಕಂಡಿದ್ದೇನೆ.